ಅಡುಗೆಮನೆಯ ಸುಳ್ಳು ಬಾಗಿಲು

ಮಂಜುಶ್ರೀಗೆ ಯಾವುದೂ ದಂಡವಾಗಬಾರದು. ಅನ್ನ ಮಿಕ್ಕರೆ ಬೆಳಿಗ್ಗೆಗೆ ಚಿತ್ರಾನ್ನ, ಸೀರೆ ಹರಿದರೆ ಕಾಲೊರಸು, ಅಕ್ಕಿ ತೊಳೆದ ನೀರು ಕೂಡ ಕರಿಬೇವಿನ ಗಿಡಕ್ಕೆ. ಅಂಥವಳ ಹೊಸ ಅಡುಗೆಮನೆಯಲ್ಲಿ ಒಂದು ಇಡೀ ಮೂಲೆ ಯಾತಕ್ಕೂ ಬಾರದೆ ಹೋಗುತ್ತದೆ ಎಂದರೆ ಬಿಟ್ಟಾಳೆಯೇ? ಬಿಡಲಿಲ್ಲ. ಬಿಟ್ಟಿದ್ದರೆ ಈ ಕಥೆಯೂ ಇರುತ್ತಿರಲಿಲ್ಲ.

ಕೆಸರೆಯ ಆ ಸೈಟಿನಲ್ಲಿ ಮೊದಲು ಶೀಟಿನ ಮನೆಯಿತ್ತು. ಅತ್ತೆ ತಿಮ್ಮಮ್ಮ ತೀರಿಕೊಂಡು ವರ್ಷದ ಕಾರ್ಯ ಮುಗಿದ ಮೇಲೆ ಗಂಡ ಹರೀಶ ಅದನ್ನು ಕೆಡವಿಸಿ, ಅದೇ ಜಾಗದಲ್ಲಿ ತಾರಸಿ ಮನೆ ಕಟ್ಟಿಸಿದ. ಅವನು ಮೇಟಗಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಶಿಫ್ಟ್ ಕೆಲಸದವನು. ಮನೆ ಕೆಲಸವೆಲ್ಲ ಮಂಜುಶ್ರೀಯ ಉಸ್ತುವಾರಿ. ಅವಳು ಹಿಡಿದ ಹಟ ಒಂದೇ: ಅಡುಗೆಮನೆಗೆ ಬಾಗಿಲು ಬೇಡ, ಹಾಲಿಗೂ ಅಡುಗೆಮನೆಗೂ ನಡುವೆ ಗೋಡೆಯೂ ಬೇಡ. ಹಳೇ ಮನೆಯ ಕತ್ತಲೆ ಅಡುಗೆಮನೆಯಲ್ಲಿ, ಆ ಬಾಗಿಲ ಹಿಂದೆ, ಮಣೆ ಹಾಕಿಕೊಂಡು ಕೂತ ಅತ್ತೆಯ ಕಣ್ಣೆದುರು ಹದಿನಾರು ವರ್ಷ ಬೇಯಿಸಿ ಬಡಿಸಿದವಳು ಅವಳು. ಬಾಗಿಲು ಎಂದರೆ ಸಾಕಾಗಿತ್ತು.

ತಿಮ್ಮಮ್ಮ ಕೆಟ್ಟವಳೇನಲ್ಲ, ಆದರೆ ಅನುಮಾನದ ಪಿಶಾಚಿ. ರಾಗಿಹಿಟ್ಟಿನ ಡಬ್ಬದಲ್ಲಿ ಹಿಟ್ಟನ್ನು ನುಣ್ಣಗೆ ತಟ್ಟಿ, ಮೇಲೆ ತನ್ನ ಅಂಗೈಯನ್ನು ಒತ್ತಿ ಗುರುತು ಮಾಡಿ ಮುಚ್ಚಿಡುವಳು. ಸೊಸೆ ತವರಿಗೆ ಕದ್ದು ಕಳಿಸಿದರೆ ಗೊತ್ತಾಗಲಿ ಎಂದು! ಆ ಗುರುತನ್ನು ಇನ್ನೊಬ್ಬರು ಒತ್ತಿ ಮೋಸ ಮಾಡುವ ಹಾಗೂ ಇರಲಿಲ್ಲ. ಚಿಕ್ಕಂದಿನಲ್ಲಿ ರಾಗಿಕಲ್ಲಿಗೆ ಸಿಕ್ಕಿ ಅವಳ ಬಲಗೈ ಕಿರುಬೆರಳು ಮುರಿದಿತ್ತು. ಅದು ಉಳಿದ ಬೆರಳುಗಳ ಜೊತೆ ಸೇರದೆ ಸೊಟ್ಟಗೆ ಆಚೆ ನಿಲ್ಲುತ್ತಿತ್ತು. ತವರಿನಲ್ಲಿ ಅಪ್ಪನಿಲ್ಲದ, ಇದ್ದ ಅಮ್ಮನೂ ಯಾರ ಹಿಟ್ಟಿಗೂ ಕೈಚಾಚದ ಮಂಜುಶ್ರೀ ಆ ಅಂಗೈಯನ್ನು ದಿನಾ ನೋಡುತ್ತಿದ್ದಳು, ಹಲ್ಲು ಕಚ್ಚಿಕೊಂಡು ಮುದ್ದೆ ತೊಳಸುತ್ತಿದ್ದಳು.

ಆ ಮನೆಯಲ್ಲಿ ಅವಳು ನಿಂತದ್ದು ಮಾವ ಮಹದೇವಯ್ಯನ ಮುಖ ನೋಡಿಕೊಂಡು. ಕೆಲಸದಲ್ಲಿದ್ದಾಗ ಫ್ಯಾಕ್ಟರಿ ಕ್ಯಾಂಟೀನಿನ ಜಿಲೇಬಿಯನ್ನು ಪೇಪರಿನಲ್ಲಿ ಕಟ್ಟಿ ತರುವನು. ಅರ್ಧ ಹೆಂಡತಿಗೆ, ಸೊಸೆಗೆ ಕಾಣದ ಹಾಗೆ. ಅರ್ಧ ಸೊಸೆಗೆ, ಹೆಂಡತಿಗೆ ಕಾಣದ ಹಾಗೆ. "ತಿನ್ನು ಕೂಸೆ, ಬೇಗ ತಿನ್ನು, ಅವಳು ಬಂದ್ಬುಟ್ಟಾಳು" ಎಂದು ಬಾಗಿಲಲ್ಲಿ ಕಾವಲು ನಿಲ್ಲುವನು. ಅವಳಿಗೆ ಅಪ್ಪ ಅಂದರೆ ಅವನೇ.

ಇರಲಿ, ಮೂಲೆಗೆ ಬರೋಣ. ಅಡುಗೆ ಕಟ್ಟೆ ಗೋಡೆಯುದ್ದಕ್ಕೂ ಬಂದು ಇನ್ನೊಂದು ಗೋಡೆಗೆ ತಿರುಗುವ ಕಡೆ, ಚಪ್ಪಡಿಯ ಕೆಳಗೆ, ಆಳವಾದ ಒಂದು ಕತ್ತಲ ಗೂಡು ಉಳಿದುಕೊಂಡಿತು. ಬೀರು ಮಾಡಲು ಬಂದ ಮಹಾಂತೇಶ ಹುಬ್ಬಳ್ಳಿ ಕಡೆಯವನು. ಕೂತು, ಬಗ್ಗಿ, ಟಾರ್ಚು ಬಿಟ್ಟು ನೋಡಿ ತಲೆಯಾಡಿಸಿದ.

"ಅಕ್ಕಾರ, ಈ ಮೂಲಿ ಉಪಯೋಗಿಲ್ರೀ. ಮೊಣಕೈ ಮಟ ಕೈ ಹೋಗ್ತೈತಿ, ಅದರಾಚೆ ಇಟ್ಟಿದ್ದು ಮರತಂಗ. ಹಲಗಿ ಹೊಡದು ಮುಚ್ಚಿಬಿಡೂಣು."

"ಮುಚ್ಚೋದಾ? ಒಂದಡಿ ಜಾಗಕ್ಕೆ ಅಣ್ಣತಮ್ಮಂದಿರು ಕೋರ್ಟು ಮೆಟ್ಟಿಲು ಹತ್ತುತ್ತಾರೆ, ನೀವು ಮುಚ್ಚಿ ಅಂತೀರಲ್ಲ!" ಎಂದಳು ಮಂಜುಶ್ರೀ.

ಕೊನೆಗೆ ಅವನು ಫೋನಿನಲ್ಲಿ ಒಂದು ಚಿತ್ರ ತೋರಿಸಿದ. ಗೂಡಿನೊಳಗೆ ಒಂದು ಕಂಬಿ, ಕಂಬಿಗೆ ಮೇಲೊಂದು ಕೆಳಗೊಂದು ದುಂಡು ತಟ್ಟೆ. ತಟ್ಟೆ ತಿರುಗಿಸಿದರೆ ಹಿಂದಿದ್ದ ಡಬ್ಬ ಮುಂದಕ್ಕೆ ಬರುತ್ತದೆ. ಮೂಲೆಯ ಒಂದು ಮಗ್ಗುಲಿಗೆ ತೆಗೆದು ಮುಚ್ಚುವ ಬಾಗಿಲು. ಇನ್ನೊಂದು ಮಗ್ಗುಲಿಗೆ ಬಾಗಿಲಿನ ಹಾಗೇ ಕಾಣುವ, ಹಿಡಿಯೂ ಇರುವ, ಆದರೆ ಸ್ಕ್ರೂ ಹೊಡೆದು ಕೂರಿಸಿದ ಹಲಗೆ. ಮಹಾಂತೇಶ ಅದನ್ನು ಡಮ್ಮಿ ಎಂದ. ಮಹದೇವಯ್ಯ ಅದರ ಹಿಡಿ ಎಳೆದು ನೋಡಿ, ಬಾರದಿದ್ದಾಗ ನಕ್ಕು, "ಇದೇನಮ್ಮ ಸುಳ್ಳು ಬಾಗಿಲು!" ಎಂದ. ಮನೆಯಲ್ಲಿ ಆ ಹೆಸರೇ ನಿಂತಿತು.

ಕಡುಗೆಂಪು ಬಣ್ಣದ ಆ ಮೂಲೆ ಎಷ್ಟು ಚೆನ್ನಾಗಿ ಬಂತೆಂದರೆ ಪಕ್ಕದ ಮನೆ ಸುಮಿತ್ರಮ್ಮ ಎರಡು ಸಲ ಬಂದು ತಟ್ಟೆ ತಿರುಗಿಸಿ ಹೋದರು. ರಾಗಿಹಿಟ್ಟು, ಅಕ್ಕಿಹಿಟ್ಟು, ಕಡಲೆಹಿಟ್ಟು, ಬೆಲ್ಲ, ಹುಣಸೆ, ಒಂದಿಡೀ ಸಂಸಾರ ಅದರಲ್ಲಿ ಕೂತಿತು. ಮಂಜುಶ್ರೀ ಕೆಲಸವಿಲ್ಲದಿದ್ದರೂ ಅದನ್ನೊಮ್ಮೆ ತಿರುಗಿಸಿ ಖುಷಿಪಡುವಳು.

ಆಮೇಲೆ ಮಹಾಲಯ ಅಮಾವಾಸ್ಯೆ ಬಂತು. ಆ ಮನೆತನದಲ್ಲಿ ಹಿರಿಯರ ಹಬ್ಬ ಅಂದರೆ ದೊಡ್ಡದು. ಸತ್ತವರಿಗೆ ಪ್ರೀತಿಯಾದದ್ದನ್ನೆಲ್ಲ ಮಾಡಿ, ಅಡುಗೆಮನೆಯ ದಕ್ಷಿಣದ ಮೂಲೆಯಲ್ಲಿ ಎಡೆ ಇಟ್ಟು, ಸಾಂಬ್ರಾಣಿ ಹಾಕಿ, ಹೆಸರು ಹಿಡಿದು ಕರೆದು, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬಂದು ಕೂರಬೇಕು. ಬಂದವರು ಯಾರ ಕಣ್ಣಿಗೂ ಬೀಳದೆ ಉಣ್ಣಬೇಕಲ್ಲ. ಸ್ವಲ್ಪ ಹೊತ್ತಾದ ಮೇಲೆ ಮನೆಯ ಹಿರಿಯ ಒಬ್ಬನೇ ಹೋಗಿ, ಕೆಮ್ಮಿ, ಬಾಗಿಲನ್ನು ಮೂರು ಸಲ ತಟ್ಟಿ, "ಉಂಡಿರಾ? ಹೋಗ್ಬುಟ್ಟು ಬನ್ನಿ" ಎಂದು ಹೇಳಿ ತೆಗೆಯಬೇಕು. ಕರೆದವರು ಕಳಿಸಿಕೊಡದೆ ಬಂದವರು ಎದ್ದು ಹೋಗುವ ಹಾಗಿಲ್ಲ. ನಾವು ನೆಂಟರ ಮನೆಗೆ ಹೋದರೂ ಅಷ್ಟೇ ತಾನೆ?

ಮುದ್ದೆ, ಕೈಮದುಂಡೆ ಸಾರು, ವಡೆ, ಕಜ್ಜಾಯ, ಪಾಯಸ ಎಲ್ಲ ಆಯಿತು. ತಿಮ್ಮಮ್ಮನಿಗೆ ಹೊಸ ಸೀರೆ, ಎಲೆಅಡಿಕೆ, ಅವಳು ಬಾಯಿಗೆ ಹಾಕಿಕೊಳ್ಳುತ್ತಿದ್ದ ಹೊಗೆಸೊಪ್ಪಿನ ಕಡ್ಡಿಪುಡಿ ಎಲ್ಲ ಬಂತು. ಎಡೆ ಇಡಬೇಕು ಎನ್ನುವಾಗ ಮೂವರೂ ಮುಖ ಮುಖ ನೋಡಿಕೊಂಡರು. ಮುಚ್ಚುವುದಕ್ಕೆ ಅಡುಗೆಮನೆಗೆ ಬಾಗಿಲೇ ಇಲ್ಲ!

"ಬಾತ್‌ರೂಮಲ್ಲಿ ಇಡಕ್ಕಾಗತ್ತಾ? ಒಂದು ಸ್ಕ್ರೀನ್ ಕಟ್ಟಿ" ಎಂದ ಹರೀಶ, ಹೊಟ್ಟೆ ಹಸಿದವನು.

"ಪರದೆ ತಟ್ಟಿದ್ರೆ ಸದ್ದು ಬತ್ತದೇನ್ಲಾ?" ಎಂದ ಮಹದೇವಯ್ಯ.

ಆಗ ಮಂಜುಶ್ರೀಯ ತಲೆಗೆ ಹೊಳೆಯಿತು. ಹೊಳೆಯಬಾರದಿತ್ತು, ಹೊಳೆಯಿತು. ಮೂಲೆಯ ಗೂಡು ಸರಿಯಾಗಿ ದಕ್ಷಿಣಕ್ಕೇ ಇದೆ, ಅದಕ್ಕೆ ಬಾಗಿಲೂ ಇದೆ. ಕೆಳಗಿನ ತಟ್ಟೆಯ ಡಬ್ಬಗಳನ್ನೆಲ್ಲ ಇಳಿಸಿ, ಬಾಳೆಲೆ ಹಾಸಿ, ಎಡೆಯನ್ನು ಅಲ್ಲೇ ಇಟ್ಟಳು. ಸೀರೆಯನ್ನು ಮಡಿಸಿ ಪಕ್ಕಕ್ಕಿಟ್ಟಳು. ಬಣ್ಣ ಮಸಿಯಾದೀತೆಂದು ಸಾಂಬ್ರಾಣಿಯನ್ನು ಮಾತ್ರ ಹೊರಗಿನಿಂದಲೇ ಬೀಸಿದಳು. ಮಹದೇವಯ್ಯ ಬಗ್ಗಿ ಆ ಕತ್ತಲೆಯೊಳಕ್ಕೆ, "ತಿಮ್ಮಿ, ಬಾರೇ, ಉಣ್ಣು ಬಾ" ಎಂದು ಕರೆದ. ಬಾಗಿಲು ಮುಚ್ಚಿ ಮೂವರೂ ಹೊರಗಿನ ಮೆಟ್ಟಿಲ ಮೇಲೆ ಕೂತರು.

ಸ್ವಲ್ಪ ಹೊತ್ತಿನ ಮೇಲೆ ಅವನು ಪಂಚೆ ಕೊಡವಿಕೊಂಡು ಒಬ್ಬನೇ ಒಳಗೆ ಹೋದ. ಪಕ್ಕದ ಮನೆಯ ಮಿಕ್ಸಿ ಕಿರುಚುತ್ತಿತ್ತು, ಒಳಗಿನ ಸದ್ದೇನೂ ಕೇಳಲಿಲ್ಲ. "ಆಯ್ತು, ಬನ್ರಪ್ಪ" ಎಂದು ಕರೆದಾಗ ಹೋದರು. ಎಡೆಯ ಪಾಯಸವನ್ನು ಬಾಯಿಗಿಟ್ಟರೆ ಸಪ್ಪೆ, ಸಿಹಿಯೇ ಇಲ್ಲ. ಸಾರಿಗೆ ಉಪ್ಪಿಲ್ಲ, ಖಾರವಿಲ್ಲ. ಪಾತ್ರೆಯಲ್ಲಿದ್ದದ್ದು ಸರಿಯಾಗೇ ಇತ್ತು. "ಅವ್ವ ಉಂಡವ್ಳೆ ಕಣೆ, ರುಚಿ ಎಲ್ಲ ತಗೊಂಡು ಹೋಗವ್ಳೆ" ಎಂದು ಹರೀಶ ಸಮಾಧಾನಪಟ್ಟ. ಮಂಜುಶ್ರೀಗೂ ಸಂತೋಷವೇ ಆಯಿತು.

ಎರಡು ದಿನ ಕಳೆದಿರಬೇಕು. ಮಟಮಟ ಮಧ್ಯಾಹ್ನ, ಹರೀಶ ಕೆಲಸಕ್ಕೆ ಹೋಗಿದ್ದ, ಮಾವ ಕೋಣೆಯಲ್ಲಿ ಮಲಗಿದ್ದ. ಮಂಜುಶ್ರೀ ಹಾಲಿನಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ಅಡುಗೆಮನೆಯಲ್ಲಿ ಗರ್ರ್ ಎಂದು ಸದ್ದಾಯಿತು. ನಿಂತಿತು. ಮತ್ತೆ ಗರ್ರ್ ಎಂದಿತು. ಅದು ಯಾವ ಸದ್ದೆಂದು ಅವಳಿಗೆ ಚೆನ್ನಾಗಿ ಗೊತ್ತು; ದಿನಾ ಖುಷಿಗೆ ತಿರುಗಿಸುವ ತಟ್ಟೆಯದು. ಇಲಿ ಸೇರಿಕೊಂಡಿತಲ್ಲಪ್ಪಾ ಹೊಸ ಮನೆಗೆ ಎಂದು ಪೊರಕೆ ಹಿಡಿದು ಹೋಗಿ ಬಾಗಿಲು ತೆಗೆದಳು. ಇಲಿಯಿರಲಿಲ್ಲ. ಹಿಂದಕ್ಕಿಟ್ಟಿದ್ದ ರಾಗಿಹಿಟ್ಟಿನ ಡಬ್ಬ ಮುಂದಕ್ಕೆ ಬಂದು ನಿಂತಿತ್ತು. ಒಳಗಿನಿಂದ ಕಡ್ಡಿಪುಡಿಯ ವಾಸನೆ ಬರುತ್ತಿತ್ತು.

ರಾತ್ರಿಯ ಮುದ್ದೆಗೆಂದು ಡಬ್ಬ ತೆಗೆದಳು. ಹಿಟ್ಟಿನ ಮೇಲೆ ಒಂದು ಅಂಗೈ ಇತ್ತು. ಕಿರುಬೆರಳು ಸೊಟ್ಟಗೆ ಆಚೆ ನಿಂತಿತ್ತು.

ಹೆದರಿಕೆ ಆಮೇಲೆ ಬಂತು, ಮೊದಲು ಬಂದದ್ದು ಸಿಟ್ಟು. "ಸತ್ತ ಮೇಲೂ ನನ್ನ ಮೇಲೆ ನಂಬಿಕೆ ಬರಲಿಲ್ಲವಲ್ಲ ಈ ಮುದುಕಿಗೆ!" ಎಂದು ಸೌಟಿನಲ್ಲಿ ಹಿಟ್ಟನ್ನು ಕಲಕಿ ಹಾಕಿದಳು. ಮುದ್ದೆ ಕಟ್ಟುವಾಗ ಮಾತ್ರ ಮೂಲೆಗೆ ಬೆನ್ನು ಹಾಕಲಿಲ್ಲ. ಮಾರನೆಯ ದಿನ ರಾಗಿ ಡಬ್ಬವನ್ನು ಮೇಲಿನ ಕಪಾಟಿಗೆ ಹತ್ತಿಸಿದಳು. ಅಂದು ಅಕ್ಕಿಹಿಟ್ಟಿನಲ್ಲಿ ಅಂಗೈ ಮೂಡಿತು. ಅದನ್ನೂ ತೆಗೆದಳು, ಕಡಲೆಹಿಟ್ಟಿನಲ್ಲಿ ಮೂಡಿತು. ರೋಸಿಹೋಗಿ ಎಲ್ಲವನ್ನೂ ಮತ್ತೆ ಮೂಲೆಗೇ ಇಟ್ಟಳು. ಗೂಡಿನೊಳಗೆ ಮೊಣಕೈ ದಾಟಿ ಕೈ ಹಾಕಿದರೆ ಸುಳ್ಳು ಬಾಗಿಲಿನ ಹಿಂದುಗಡೆ ತಣ್ಣಗಿರುತ್ತಿತ್ತು, ಬಾವಿಯೊಳಕ್ಕೆ ಬಗ್ಗಿದ ಹಾಗೆ. ಅವಳು ಬೇಕಾದ್ದನ್ನು ಎಳೆದುಕೊಂಡು ತಟ್ಟನೆ ಮುಚ್ಚುವಳು.

ಹರೀಶನಿಗೆ ಹೇಳಿದರೆ, "ಅಪ್ಪ ಕೈ ಇಟ್ಟಿರ್ತಾರೆ ಬುಡೆ" ಎಂದ. ಮಾವನ ಕೈ ಮೊರದಗಲ, ಬೆರಳೆಲ್ಲ ನೆಟ್ಟಗಿವೆ ಎಂದು ಇವನಿಗೆ ಗೊತ್ತಿಲ್ಲವೇ? ಗೊತ್ತು. ಗಂಡಸರಿಗೆ ನಂಬುವುದು ಕಷ್ಟವಾದಾಗ ನಿದ್ದೆ ಬರುತ್ತದೆ, ಮಗ್ಗುಲು ಬದಲಿಸಿ ಮಲಗಿದ.

ಇತ್ತ ಮಹದೇವಯ್ಯ ಬೇರೆಯೇ ಆಗುತ್ತಿದ್ದ. ಹೆಂಡತಿ ಹೋದಂದಿನಿಂದ ಬಾಡಿ ಕೂತಿದ್ದವನ ಮುಖದಲ್ಲಿ ಹಬ್ಬದ ಮಾರನೆಯ ದಿನದಿಂದಲೇ ಕಳೆ ಬಂದಿತ್ತು. ಹಳೇ ಮಣೆಯನ್ನು ಹುಡುಕಿ ತಂದು, ಸುಳ್ಳು ಬಾಗಿಲಿಗೆ ಬೆನ್ನು ಕೊಟ್ಟು ಕೂರಲು ಶುರುಮಾಡಿದ. ಏನೋ ಗೊಣಗುತ್ತ ನಗುವನು. ಕಾಫಿ ಕೊಟ್ಟರೆ ಇನ್ನೊಂದು ಲೋಟ ಕೇಳುವನು. ಊಟದ ತಟ್ಟೆಯನ್ನು ಮೊದಲು ಗೂಡಿನೊಳಗಿಟ್ಟು ಬಾಗಿಲು ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೆಗೆದು, ತಣ್ಣಗಾದ ಆ ಅನ್ನವನ್ನು ಉಣ್ಣುವನು. ಒಂದು ದಿನ ಅವನು ಕೈ ತೊಳೆಯಲು ಎದ್ದಾಗ ಮಂಜುಶ್ರೀ ಆ ತಟ್ಟೆಯಿಂದ ಒಂದು ತುತ್ತು ಬಾಯಿಗಿಟ್ಟುಕೊಂಡಳು. ಮಣ್ಣು ತಿಂದ ಹಾಗಿತ್ತು. ಹೋಗಿ ಉಗಿದು ಬಂದಳು.

ಆ ಅನ್ನದಲ್ಲಿ ಸತ್ವ ಎಲ್ಲಿಂದ ಬರಬೇಕು? ಆಳು ಇಳಿಯುತ್ತ ಹೋದ. ಶರಟು ಹೆಗಲಿನಿಂದ ಜಾರುವಂತಾಯಿತು, ಕೆನ್ನೆ ಒಳಕ್ಕೆ ಹೋಯಿತು, ಕಣ್ಣು ಮಾತ್ರ ಹೊಳೆಯುತ್ತಿತ್ತು. ಡಾಕ್ಟರು ರಕ್ತ ಪರೀಕ್ಷೆ, ಎದೆಯ ಪರೀಕ್ಷೆ ಎಲ್ಲ ಮಾಡಿಸಿ, ಏನೂ ತೊಂದರೆಯಿಲ್ಲ, ಚೆನ್ನಾಗಿ ಊಟ ಕೊಡಿ ಎಂದು ಕಳಿಸಿದರು. ಪ್ರತಿ ದಸರೆಗೂ ಸಂಜೆ ಬನ್ನಿಮಂಟಪಕ್ಕೆ ನಡೆದುಹೋಗಿ ಪಂಜಿನ ಕವಾಯತಿನ ತಾಲೀಮು ನೋಡಿ ಬರುತ್ತಿದ್ದವನು ಆ ವರ್ಷ ಅತ್ತ ಹೊರಡಲೇ ಇಲ್ಲ. "ಇವಳೊಬ್ಬಳನ್ನೇ ಬುಟ್ಟು ಎಂಗಮ್ಮ ಹೋಗ್ಲಿ?" ಎಂದ.

ಅತ್ತೆ ಮಾವನನ್ನು ಕರೆದುಕೊಂಡು ಹೋಗಲು ಬಂದಿದ್ದಾಳೆ ಎಂದು ಅವಳಿಗೆ ಖಾತ್ರಿಯಾಯಿತು. ದಿನಕ್ಕೊಂದು ತುತ್ತಿನಂತೆ ತಿಂದು ಮುಗಿಸುತ್ತಿದ್ದಾಳೆ. ಇನ್ನು ಸುಮ್ಮನಿದ್ದರೆ ದೀಪಾವಳಿಗೆ ಈ ಮನುಷ್ಯ ಇರುವುದಿಲ್ಲ. ಅವನ ಎದುರಿಗೇ ಹೋಗಿ ಕುಕ್ಕರುಗಾಲಿನಲ್ಲಿ ಕೂತಳು.

"ಮಾವ, ನನ್ನ ಮುಖ ನೋಡಿ ಹೇಳಿ. ಹಬ್ಬದ ದಿನ ಬಾಗಿಲು ತಟ್ಟಿದ್ರಾ?"

ಮಹದೇವಯ್ಯ ಮುಖ ನೋಡಲಿಲ್ಲ. ಮಣೆಯ ಅಂಚನ್ನು ಉಗುರಿನಿಂದ ಕೆರೆಯುತ್ತ ಕೂತ.

"ಇಲ್ಲ ಕಣಮ್ಮ."

"ಮರೆತ್ರಾ?"

"ಮರೆಯೋದೇನು. ಕೈ ಎತ್ತಿದ್ದೆ. ಒಳಗಡೆ ಬಳೆ ಸದ್ದಾಯ್ತು. ಎಲೆ ಮೇಲೆ ಕೈ ಆಡಿಸ್ತಾಳಲ್ಲ, ಆ ಸದ್ದು. ತಟ್ಟಿದ್ರೆ ಹೋಗ್ಬುಡ್ತಾಳಲ್ಲ ಅಂತ ಮೆತ್ತಗೆ ತೆಗೆದು ಎಲೆ ಎತ್ಕೊಂಡ್ಬುಟ್ಟೆ." ಅವನು ಸುಳ್ಳು ಬಾಗಿಲಿನ ಕಡೆ ತಿರುಗಿದ. "ಆಸ್ಪತ್ರೇಲಿ ಟೀ ಕುಡ್ಕೊಂಡು ಬತ್ತೀನಿ ಕಣೆ ಅಂದೆ. ಊಂ ಅಂದ್ಳು. ಬರೋ ಹೊತ್ಗೆ ಬಟ್ಟೆ ಮುಚ್ಚಿದ್ರು. ಅಷ್ಟೇ ನಮ್ಮ ಕೊನೆ ಮಾತು. ಒಂದು ಲೋಟ ಟೀ ಕಣಮ್ಮ."

ಮಂಜುಶ್ರೀಗೆ ಕಣ್ಣು ತುಂಬಿ ಬಂತು. ಆದರೂ, "ಈಗ ತಟ್ಟಿ ಕಳಿಸಿಕೊಡಿ ಮಾವ, ನಿಮ್ಮ ಕಾಲಿಗೆ ಬೀಳ್ತೀನಿ. ಅವರು ನಿಮ್ಮನ್ನ ತಗೊಂಡು ಹೋಗ್ತಾರೆ" ಎಂದಳು.

"ಹೋದ್ರೆ ಹೋಗ್ಲಿ ಬುಡು. ನಂಗೇನು ಭಯ? ನೀನೊಂದು ತಟ್ಟಬೇಡ. ನಾನು ನಿನ್ನ ಹತ್ರ ಯಾವತ್ತಾದ್ರೂ ಏನಾದ್ರೂ ಕೇಳಿದ್ದೀನಾ?"

ಕೇಳಿರಲಿಲ್ಲ. ಅಪ್ಪನಂಥವನು ಮೊದಲ ಸಲ ಕೈಚಾಚಿದರೆ ಇಲ್ಲವೆನ್ನುವುದು ಹೇಗೆ? ಅವಳು ಎದ್ದು ಹೋದಳು. ಸೋತಳು, ಅದು ನಿಜ.

ಆಮೇಲಿನ ಶುಕ್ರವಾರ, ಒಲೆಯ ಮೇಲೆ ಸಾರು ಕುದಿಯುತ್ತಿರುವಾಗ, ಮಹದೇವಯ್ಯ ಕೂತಲ್ಲೇ ಪಕ್ಕಕ್ಕೆ ವಾಲಿದ. ಹಿಡಿದು ಎತ್ತಿದರೆ ಒಣ ಸೌದೆಯಷ್ಟೂ ತೂಕವಿಲ್ಲ. ನೀರು ಚಿಮುಕಿಸಿದಾಗ ಕಣ್ಣು ಬಿಟ್ಟು, "ತಿಮ್ಮಿ ಒಳಗೆ ಬಾ ಅನ್ನಲ್ಲ ಕಣಮ್ಮ. ಎಷ್ಟು ಕೇಳಿದ್ರೂ ಬಾ ಅನ್ನಲ್ಲ" ಎಂದು ಮಗುವಿನಂತೆ ಅತ್ತ. ಮಂಜುಶ್ರೀ ಆ ಮಾತನ್ನು ಅರ್ಥಮಾಡಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಅವನನ್ನು ಮಲಗಿಸಿ, ಸೀದಾ ಮಹಾಂತೇಶನಿಗೆ ಫೋನು ಮಾಡಿದಳು. ಫೋನಿನಲ್ಲೇ ಹರೀಶನೂ, "ಅಪ್ಪ ಉಳೀಲಿ, ಕಿತ್ತಾಕ್ಸು ಅದನ್ನ" ಎಂದ.

ಮಧ್ಯಾಹ್ನವೇ ಮಹಾಂತೇಶ ಸ್ಕ್ರೂ ಮೆಷೀನು ಹಿಡಿದು ಬಂದ. "ಇಷ್ಟ ಛಂದ ಮೂಲಿ ಕೀಳಸ್ತೀರಲ್ರೀ ಅಕ್ಕಾರ" ಎಂದು ಬೇಜಾರುಪಟ್ಟ. ಮೆಷೀನಿನ ಸದ್ದಿಗೆ ಮಹದೇವಯ್ಯ ಗೋಡೆ ಹಿಡಿದುಕೊಂಡು ಎದ್ದು ಬಂದು, ಎರಡೂ ಕೈ ಅಗಲಿಸಿ ಸುಳ್ಳು ಬಾಗಿಲಿಗೆ ಅಡ್ಡ ಕೂತ. ಮಂಜುಶ್ರೀ ಅವನ ತೋಳು ಹಿಡಿದು ಬೇಡಿಕೊಂಡಳು, ಗದರಿದಳು, ಕೊನೆಗೆ ಅತ್ತಳು. ಅವಳು ಅಳುವುದನ್ನು ಅವನು ಎಂದೂ ನೋಡಲಾರ. ಸ್ವಲ್ಪ ಸರಿದ.

ಸ್ಕ್ರೂಗಳು ಬಿದ್ದವು. ಹಲಗೆ ಕೈಗೆ ಬಂತು. ಮಹಾಂತೇಶ ಅದನ್ನು ಗೋಡೆಗೆ ಒರಗಿಸಲು ತಿರುಗಿಸಿದವನು ಹಾಗೇ ನಿಂತ.

"ಯಾರ್ರೀ ಇದು, ಒಳಗ ಕುಂತು ಕೈ ಒರೆಸಿದ್ದು?"

ಹಲಗೆಯ ಒಳಮೈ ತುಂಬ ಅಂಗೈಗಳು. ರಾಗಿಹಿಟ್ಟಿನವು, ಅಕ್ಕಿಹಿಟ್ಟಿನವು, ಕಡಲೆಹಿಟ್ಟಿನವು. ಒಂದರ ಮೇಲೊಂದು ಬಿದ್ದು ಕೆಂಪು ಬಣ್ಣವೇ ಮುಚ್ಚಿಹೋಗಿತ್ತು. ಕೂತವರ ಭುಜದ ಎತ್ತರಕ್ಕೆ ಹೆಚ್ಚು, ಅಲ್ಲಿಂದ ಕೆಳಕ್ಕೆ ಜಾರಿದ ಗೀರುಗಳು. ಪ್ರತಿಯೊಂದರಲ್ಲೂ ಕಿರುಬೆರಳು ಸೊಟ್ಟಗೆ ಆಚೆ ನಿಂತಿತ್ತು. ಕೈ ಒರೆಸಿದ ಗುರುತಲ್ಲ ಅದು. ಬಾಗಿಲು ಬಡಿದ ಗುರುತು. ಹಿಡಿಯಿರುವ, ಆದರೆ ತೆರೆಯದ ಆ ಬಾಗಿಲನ್ನು ಒಳಗಿನಿಂದ ಯಾರೋ ಹಬ್ಬದ ದಿನದಿಂದಲೂ ಬಡಿದಿದ್ದರು.

ಮಹದೇವಯ್ಯ ತೆವಳಿಕೊಂಡು ಹೋಗಿ ಹಲಗೆಯ ಮುಂದೆ ಕೂತ. ತಾನು ಬೆನ್ನು ಕೊಟ್ಟು ಕೂರುತ್ತಿದ್ದ ಜಾಗವನ್ನು ಬೆರಳಿನಿಂದ ಮುಟ್ಟಿದ. ಅಲ್ಲಿಯೇ ಅಂಗೈಗಳು ದಟ್ಟವಾಗಿದ್ದವು.

"ಬೆನ್ನು ತಟ್ಟುತಾಳೆ ಅಂದ್ಕೊಂಡಿದ್ದೆ ಕಣಮ್ಮ" ಎಂದ. "ಪ್ರೀತಿಗೆ ತಟ್ಟುತಾಳೆ ಅಂದ್ಕೊಂಡಿದ್ದೆ."

ಮಂಜುಶ್ರೀಗೆ ಆಗ ಅರ್ಥವಾಯಿತು. ತಟ್ಟೆ ತಿರುಗಿಸಿದ್ದು, ಡಬ್ಬವನ್ನು ಮುಂದಕ್ಕೆ ತಂದದ್ದು, ಹಿಟ್ಟಿನ ಮೇಲೆ ಕೈಯೊತ್ತಿದ್ದು ಕಳ್ಳತನ ಹಿಡಿಯಲಿಕ್ಕಲ್ಲ. ನಾನು ಇಲ್ಲಿ ಸಿಕ್ಕಿಕೊಂಡಿದ್ದೇನೆ ಎಂದು ಹೇಳಲು ಆ ಹೆಂಗಸಿಗೆ ಬೇರೆ ಯಾವ ಅಕ್ಷರ ಬರುತ್ತಿತ್ತು? ಬಂದದ್ದು ಅದೊಂದೇ. ಅದನ್ನು ತಾನು ದಿನಾ ಸೌಟಿನಲ್ಲಿ ಕಲಕಿ ಹಾಕಿದ್ದಳು. ಅತ್ತೆಯ ಮೇಲೆ ಅವಳಿಗೆ ಮರುಕ ಹುಟ್ಟಿದ್ದು ಅದೇ ಮೊದಲು.

ಮಹಾಂತೇಶ ಮೆಲ್ಲಗೆ ಚಪ್ಪಲಿ ಹುಡುಕುತ್ತಿದ್ದ.

"ಹೋಗ್ಬೇಡಪ್ಪ" ಎಂದ ಮಹದೇವಯ್ಯ. "ಅದನ್ನ ಎಂಗಿತ್ತೋ ಅಂಗೇ ಕೂರ್ಸು. ಅವಳು ಬಡಿದಿರೋ ಬಾಗಿಲಿಲ್ದೆ ತಟ್ಟೋದೆಲ್ಲಿಗೆ?"

ಮಹಾಂತೇಶ ಅವಸರದಲ್ಲಿ ಎರಡೇ ಸ್ಕ್ರೂ ಹಾಕಿ ಹಲಗೆಯನ್ನು ನಿಲ್ಲಿಸಿ, ಮಂಜುಶ್ರೀಯ ಜೊತೆ ಹೊರಗಿನ ಮೆಟ್ಟಿಲಿಗೆ ಬಂದು ಕೂತ. ಪದ್ಧತಿ ಪದ್ಧತಿಯೇ, ಹಿರಿಯನೊಬ್ಬನೇ ಒಳಗಿರಬೇಕು. ಅಡುಗೆಮನೆಗೆ ಬಾಗಿಲಿಲ್ಲವಲ್ಲ, ಎಲ್ಲವೂ ಹೊರಕ್ಕೆ ಕೇಳುತ್ತಿತ್ತು. ಈ ಸಲ ಯಾರ ಮನೆಯ ಮಿಕ್ಸಿಯೂ ಆಡುತ್ತಿರಲಿಲ್ಲ.

ಮೊದಲು ಕೆಮ್ಮು ಕೇಳಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಆಗುವುದಿಲ್ಲ, ಈ ಮನುಷ್ಯನ ಕೈಲಿ ಆಗುವುದಿಲ್ಲ ಎಂದು ಮಂಜುಶ್ರೀ ಸೆರಗು ಕಚ್ಚಿಕೊಂಡು ಕೂತಳು.

ಟಕ್. ಟಕ್. ಟಕ್.

"ಉಂಡೇನೆ ತಿಮ್ಮಿ? ಹೊಟ್ಟೆ ತುಂಬ್ತಾ?" ಮಹದೇವಯ್ಯನ ದನಿ ಮೆಲ್ಲಗಿತ್ತು, ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಹೆಂಡತಿಗೆ ಹೇಳುತ್ತಿದ್ದ ಹಾಗೆ. "ನನ್ನಿಂದ ತಡವಾಯ್ತು. ಹೋಗ್ಬುಟ್ಟು ಬಾ. ಹೋಗ್ಬುಟ್ಟು ಬಾ ಕಣೆ."

ಮೂಲೆಯ ಬಾಗಿಲು ತೆಗೆದ ಸದ್ದು. ತಟ್ಟೆ ಗರ್ರ್ ಎಂದು ಒಂದು ಸುತ್ತು ಪೂರ್ತಿ ತಿರುಗಿತು. ಬಳೆಯ ಸದ್ದು ಹಾಲನ್ನು ದಾಟಿ ಬಂತು. ಮೆಟ್ಟಿಲ ಮೇಲೆ ಕೂತಿದ್ದ ಇಬ್ಬರ ನಡುವೆ, ಕಡ್ಡಿಪುಡಿಯ ವಾಸನೆಯ ತಣ್ಣನೆಯ ಗಾಳಿಯೊಂದು, ಯಾರೋ ಸೀರೆಯ ನಿರಿಗೆ ಎತ್ತಿ ಹಿಡಿದು ಮೆಟ್ಟಿಲಿಳಿದಂತೆ, ಹಾದುಹೋಯಿತು. ಮಹಾಂತೇಶ ಕಣ್ಣು ಮುಚ್ಚಿ ದೇವರ ಹೆಸರು ಹೇಳಿಕೊಂಡ. ಮಂಜುಶ್ರೀ ಅರಿವಿಲ್ಲದೆಯೇ ಎದ್ದು ನಿಂತು ದಾರಿ ಬಿಟ್ಟಳು.

ಒಳಗೆ ಹೋದಾಗ ಮಹದೇವಯ್ಯ ತೆರೆದ ಬಾಗಿಲ ಮುಂದೆ ಮಣೆಯ ಮೇಲೆ ಕೂತಿದ್ದ. ತಟ್ಟಿದ ಬಲಗೈಯನ್ನು ಮಡಿಲಿನಲ್ಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದ. ಮಣಿಕಟ್ಟಿನ ಸುತ್ತ ರಾಗಿಹಿಟ್ಟು ಮೆತ್ತಿತ್ತು. ಬೆರಳುಗಳ ಗುರುತು ಅದು. ಕಿರುಬೆರಳು ಸೇರದೆ ಆಚೆ ಉಳಿದಿತ್ತು.

"ಊಟ ಮಾಡಿ ಮಾವ" ಎಂದಳು ಮಂಜುಶ್ರೀ. "ಕೈ ತೊಳ್ಕೊಳ್ಳಿ."

ಅವನು ಕೈಯನ್ನು ಎದೆಗೊತ್ತಿಕೊಂಡ. ಅವಳು ಒತ್ತಾಯ ಮಾಡಲಿಲ್ಲ, ಚೊಂಬು ಹಿಡಿದು ಕಾದಳು. ಕೊನೆಗೆ ಅವನೇ ಕೈ ಮುಂದೆ ಚಾಚಿ, ಮುಖ ಆಚೆ ತಿರುಗಿಸಿ, "ನೀನೇ ತೊಳಿ ಕೂಸೆ" ಎಂದ.

ನೀರು ಬಿದ್ದಂತೆ ಹಿಟ್ಟು ಹೋಯಿತು. ಅದರ ಕೆಳಗೆ ಚರ್ಮದಲ್ಲಿ ಬೆರಳುಗಳು ನಾಟಿದ ಕುಳಿಗಳಿದ್ದವು, ಕೆಂಪಗೆ, ಆಳವಾಗಿ. ಹೋಗಬೇಕೆಂದು ಬಾಗಿಲು ಬಡಿದವಳು, ಬಾಗಿಲು ತೆಗೆದ ಮೇಲೆ ಅಷ್ಟು ಬಿಗಿಯಾಗಿ ಹಿಡಿದಿದ್ದಳು. ಮಂಜುಶ್ರೀ ಅದನ್ನು ಕಂಡೂ ಕಾಣದವಳಂತೆ ಸೆರಗಿನಿಂದ ಕೈ ಒರೆಸಿ, ಮುದ್ದೆ ಮುರಿದು ಬಡಿಸಿದಳು.

ಮಹದೇವಯ್ಯ ಒಂದು ತುತ್ತು ನುಂಗಿದ. ನಿಲ್ಲಿಸಿದ. ಅವನ ಕಣ್ಣಿನಿಂದ ನೀರು ಸುರಿಯತೊಡಗಿತು.

"ಸಾರಿಗೆ ಉಪ್ಪು ಜಾಸ್ತಿ ಆಗದೆ ಕಣಮ್ಮ" ಎಂದ.

"ಹೌದು ಮಾವ" ಎಂದು ಅವಳು ಇನ್ನೊಂದು ಸೌಟು ಬಡಿಸಿದಳು.